ಹಿನೆ ಬರೆದ ಒಂದು ಸಾಲು

ದಕ್ಷಿಣದ ಗಾಳಿ ಎದ್ದು ನ್ಯೂಜಿಲೆಂಡಿನ ವೆಲಿಂಗ್ಟನ್ನಿನ ದೋಣಿಕಟ್ಟೆಗೆ ಫೆರಿ ತಡವಾಗಿತ್ತು. ಸಾಲಿನಲ್ಲಿ ನಿಂತ ನಾಯ್ರಿ ತನ್ನ ಪಾಡಿಗೆ ಬಿಸಿ ಪೈ ತಿನ್ನುತ್ತಿದ್ದಳು. ಮುಂದೆ ನಿಂತಿದ್ದ ರೇವಿ, ಮೆಲೆ ಎಂಬ ಇಬ್ಬರು ಸಾಫ್ಟ್‌ವೇರ್‌ನವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಸಾಫ್ಟ್‌ವೇರ್‌ಗೆ ಸೇರಿಸೋ ಆ ಎಕ್ಸ್‌ಟೆನ್ಷನ್ ಹಿಂದೆ ಮೂರು ವಾರ ಒದ್ದಾಡಿದ್ದು ನಾನು ಕಣೇ ಮೆಲೆ. ಚಪ್ಪಾಳೆ ಮಾತ್ರ ನಮ್ಮ ಟೀಮಿನ ಹಿನೆಗೆ!"

"ದಾರಿ ತೋರಿಸಿದ್ದು ಅವಳೇ ಅಲ್ವೇನೋ ರೇವಿ?"

"ಏನ್ ಮಹಾ ದಾರಿ? ಒಂದು ಸಾಲು ಬರೆದ್ಲು. 'ಮೊದಲು ಕಂಪ್ಯೂಟರ್‌ನಲ್ಲಿ ಬೇರೆ ಖಾಲಿ ಜಾಗ, ಅಂದ್ರೆ ಎನ್ವಿರಾನ್‌ಮೆಂಟ್, ಮಾಡ್ಕೊಳ್ಳಿ, ಹಳೇ ಸಾಫ್ಟ್‌ವೇರ್ ಪ್ಯಾಕೇಜ್ ಒಂದೂ ಒಳಗೆ ಬರಬಾರ್ದು, ಆಮೇಲೆ ಮೂಲ ಕೋಡ್‌ನಿಂದ ಹೊಸದಾಗಿ ಬಿಲ್ಡ್ ಮಾಡಿ.' ಇಷ್ಟು ಹೇಳೋಕೆ ಅವಳೇ ಬೇಕಿತ್ತಾ?"

"ನೀನು ಹಾಗೆ ಮಾಡಿದ್ಯಾ?"

"ಇಲ್ಲ. ನನ್ನ ಮೆಷಿನ್‌ನಲ್ಲಿ ಎಲ್ಲಾ ಇತ್ತಲ್ಲ, ಅದರ ಮೇಲೇ ಮಾಡಿದೆ. ಹಳೇದೂ ಹೊಸದೂ ಜುಟ್ಟು ಹಿಡ್ಕೊಂಡು ಜಗಳಕ್ಕೆ ನಿಂತ್ವು."

"ಈಗಲಾದ್ರೂ ಅವಳು ಇದರ ಬಗ್ಗೆ ವೆಬ್‌ನಲ್ಲಿ ಹಾಕಿರೋ ಪುಟ ತೆಗೆದು ನೋಡೋ ಮಾರಾಯ."

"ನಾನಂತೂ ತೆಗೆಯಲ್ಲ. ಬೇಕಾದ್ರೆ ನೀನು ಓದಿ ಹೇಳು."

ಮೆಲೆ ಫೋನು ತೆಗೆದಳು. ಓದುತ್ತಾ ಹೋದವಳು ತಟಕ್ಕನೆ ಓದು ನಿಲ್ಲಿಸಿದಳು.

"ಕೊನೇಲಿ ನಿನ್ನ ಹೆಸರೂ ಇದೆ ಕಣೋ."

"ಇರಲೇಬೇಕು! ಏನಂತ?"

"'ಹೀಗೆ ಮಾಡಬೇಡಿ' ಅಂತ ಉದ್ದ ಪಟ್ಟಿ ಇದೆ. ಅದರ ಕೆಳಗೆ, 'ಇಷ್ಟನ್ನೂ ತಾನೇ ಮಾಡಿ ನೋಡಿದ ರೇವಿಗೆ ಧನ್ಯವಾದ' ಅಂತ."

ನಾಯ್ರಿ ಬಾಯಲ್ಲಿದ್ದ ಪೈ ನುಂಗುವುದನ್ನೂ ಮರೆತಳು. ಅಷ್ಟರಲ್ಲಿ ಫೆರಿ ಬಂತು. ಅವರಿಬ್ಬರೂ ಮೇಲಿನ ಡೆಕ್ಕಿನ ಮೆಟ್ಟಿಲು ಹತ್ತಿದರು. ಗಾಳಿಯಲ್ಲಿ ರೇವಿಯ ದನಿ ಕೊನೆಯ ಸಲ ಕೇಳಿಸಿತು:

"ಬೇರೆ ಯಾರಿಗಾದ್ರೂ ಧನ್ಯವಾದ ಹೇಳಿದ್ದಾಳಾ, ನನಗೊಬ್ಬನಿಗೇನಾ?"