ಮೊಳೆಯ ತುದಿಯ ಮೇಲಿನ ಶಾಲೆ

ಶಾಲಾ ಸಮಿತಿಯ ಅಧ್ಯಕ್ಷರಾದ ಪರಮೇಶ್ವರಪ್ಪನವರೇ, ಹಿರೇಕೆರೂರಿನಿಂದ ಧೂಳು ಕುಡಿಯುತ್ತ ಬಂದ ಅತಿಥಿಗಳೇ, ಮೂರೂ ಊರಿನ ಸಭಿಕರೇ,

ಹೊಸ ಕಟ್ಟಡದ ಈ ಮೊದಲ ವಾರ್ಷಿಕೋತ್ಸವದಲ್ಲಿ ವಂದನೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಗಣಿತದ ಮಾಸ್ತರನ ಕೈಗೆ ಮೈಕು ಕೊಟ್ಟವರು ಲೆಕ್ಕವನ್ನೂ ಕೇಳಬೇಕಾಗುತ್ತದೆ.

ಈ ಬಯಲಿನಲ್ಲಿ ಶಾಲೆ ಯಾಕೆ ಕಟ್ಟಿದಿರಿ ಎಂದು ಅತಿಥಿಗಳು ಆಗಲೇ ಕೇಳಿದರು. ನೀರಿಲ್ಲ, ನೆರಳಿಲ್ಲ, ಕೂಗಿದರೆ ಓಗೊಡಲು ಒಂದು ಮನೆಯಿಲ್ಲ. ಯಾಕೆ ಕಟ್ಟಿದೆವು? ನಾನು ಪಾಠ ಮಾಡಿದ್ದಕ್ಕೆ ಕಟ್ಟಿದೆವು.

ಹೋದ ವರ್ಷ, ಅರವತ್ತೊಂದರಲ್ಲಿ, ತರಗತಿಗಳು ಎರೆಕೊಪ್ಪದ ಮಠದ ಪಡಸಾಲೆಯಲ್ಲಿ ನಡೆಯುತ್ತಿದ್ದವು. ಉಳಿದೆರಡು ಊರಿನವರಿಗೆ ಅದೇ ಹೊಟ್ಟೆಯುರಿ. ನಾನೊಂದು ದಿನ ಹಲಗೆಯ ಮೇಲೆ ಚೌಕಗಳನ್ನು ಎಳೆದು, ನಮ್ಮ ಮೂರು ಊರುಗಳನ್ನೇ ತ್ರಿಕೋನದ ಮೂರು ಮೂಲೆ ಮಾಡಿದೆ. ಒಂದೊಂದು ಊರಿಗೆ ಎರಡೆರಡು ಅಂಕಿ: ಪೂರ್ವಕ್ಕೆ ಎಷ್ಟು ಮೈಲು, ಉತ್ತರಕ್ಕೆ ಎಷ್ಟು ಮೈಲು. ಪೂರ್ವದವನ್ನು ಪೂರ್ವದವುಗಳೊಂದಿಗೆ, ಉತ್ತರದವನ್ನು ಉತ್ತರದವುಗಳೊಂದಿಗೆ ಕೂಡಿಸಿ ಮೂರರಿಂದ ಭಾಗಿಸಿದರೆ ಮಧ್ಯರೇಖೆಗಳು ಕೂಡುವ ಬಿಂದು, ಅಂದರೆ ತ್ರಿಕೋನದ ತೂಕ ಸಮನಾಗಿ ನಿಲ್ಲುವ ಜಾಗ, ಸಿಗುತ್ತದೆ. ಎಲ್ಲರಿಗಿಂತ ಮೊದಲು ಬಿಡಿಸಿದವಳು ಎರೆಕೊಪ್ಪದ ಹೊಳೆವ್ವ. ಅದೇ ಆಕಾರಕ್ಕೆ ರಟ್ಟಿನ ತ್ರಿಕೋನ ಕತ್ತರಿಸಿ, ಆ ಬಿಂದುವಿಗೆ ಮೊಳೆಯ ತುದಿ ಇಟ್ಟು ನಿಲ್ಲಿಸಿದೆ. ಅಲುಗಾಡದೆ ನಿಂತಿತು. ಅಷ್ಟರಲ್ಲಿ ನಮ್ಮ ಅಧ್ಯಕ್ಷರು ಒಳಗೆ ಬಂದರು.

"ಮಾಸ್ತರ್ರ, ಇದರಾಗ ಯಾವ ಮೂಲಿನೂ ಮ್ಯಾಲಿಲ್ಲ, ಯಾವುದೂ ಕೆಳಗಿಲ್ಲ. ನಮ್ಮ ಜಗಳ ಹರೀತು. ಸಾಲಿ ಇಲ್ಲೇ ಕಟ್ಟೂಣು."

ಸಮತೋಲ ಬೇರೆ, ಸಮದೂರ ಬೇರೆ ಎಂದೆ. ಒಂದೂರಿಗೆ ಎರಡು ಮೈಲು ಬಿದ್ದರೆ ಎರೆಕೊಪ್ಪಕ್ಕೆ ನಾಲ್ಕು ಬೀಳುತ್ತದೆ ಎಂದೆ. ಯಾರು ಕೇಳಬೇಕು? "ನಮ್ಮೂರಾಗ ಆಗದಿದ್ರೂ ಚಿಂತಿಲ್ಲ, ಅವರೂರಾಗ ಆಗಬಾರದು." ಮೂರೂ ಊರು ಒಂದೇ ಬಾಯಿಂದ ಆಡಿದ ಮಾತು ಇದೊಂದೇ.

ಶಾಲೆ ಈ ಬಯಲಿಗೆ ಬಂತು, ಹೊಳೆವ್ವ ಶಾಲೆ ಬಿಟ್ಟಳು. ಮನೆಗೆ ಹೋದೆ. ಅವಳ ಅವ್ವ ಶೇಖವ್ವ ಬಾಗಿಲಲ್ಲೇ ನಿಂತು ಕೇಳಿದಳು: "ನಿಮ್ಮ ಲೆಕ್ಕ ಬರೋಬ್ಬರಿ ಐತ್ರಿ ಮಾಸ್ತರ್ರ. ಆ ಬಯಲಾಗ ಹುಡುಗಿ ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ, ಹೇಳ್ರಿ." ಆ ಬಯಲಲ್ಲೇ ಒಬ್ಬನೇ ನಡೆದು ವಾಪಸು ಬಂದೆ. ಆ ಪ್ರಶ್ನೆ ಇವತ್ತಿಗೂ ಜೊತೆಗಿದೆ, ಅದಕ್ಕೇ ನನಗೆ ಇಷ್ಟು ಸಿಟ್ಟು.

ಹೋದ ವರ್ಷದ ಗಣಿತದ ಬಹುಮಾನ ಅವಳದೇ. ಹೆಸರು ಕೂಗಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಯಾರೂ ಎದ್ದು ಬರಲಿಲ್ಲ ಎಂಬುದನ್ನು ನೋಡಿದಿರಾ? ಕಂಪಾಸ್ ಪೆಟ್ಟಿಗೆ ಇಲ್ಲೇ ಮೇಜಿನ ಮೇಲಿದೆ.

ಚಪ್ಪರ ಹಾಕಿದ ಹಯಾತನಿಗೆ, ದೂರದಿಂದ ನೀರು ಹೊತ್ತು ತಂದ ಹಾಲವ್ವನಿಗೆ ವಂದನೆಗಳು. ಅಧ್ಯಕ್ಷರಿಗೂ ವಂದನೆ, ಜೊತೆಗೆ ಒಂದು ವಿನಂತಿ. ಸಭೆ ಮುಗಿದ ಮೇಲೆ ಈ ಪೆಟ್ಟಿಗೆಯನ್ನು ತಾವೇ ಹೊಳೆವ್ವನ ಕೈಗೆ ಕೊಡಬೇಕು. ಜೀಪು ಬೇಡ, ಇಬ್ಬರೂ ನಡೆದೇ ಹೋಗೋಣ. ಶೇಖವ್ವ ಬಾಗಿಲಲ್ಲೇ ಇರುತ್ತಾಳೆ. ಅವಳು ಕೇಳಿದ್ದಕ್ಕೆ ಉತ್ತರವನ್ನು ತಾವು ಹೇಳುವಿರಂತೆ.

ಎಲ್ಲರಿಗೂ ನಮಸ್ಕಾರ.