ಹೆಣ್ಣು ನೋಡಲು ಬಂದ ಸಿದ್ದರಾಜು ಅವರ ವಿಷಯವಾಗಿ

ನನ್ನ ಹೆಸರು ಪ್ರಮೀಳಾ, ತಂದೆ ದಿವಂಗತ ಚಲುವೇಗೌಡ. ವಯಸ್ಸು 48 ವರ್ಷ, ಅವಿವಾಹಿತೆ. ಕನ್ನಡ ಎಂ.ಎ. ಓದಿದ್ದೇನೆ. ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ. ವಾಸ ‘ಚಲುವ ನಿಲಯ’, ಹೊಸಹೊಳಲು ರಸ್ತೆ, ಕೃಷ್ಣರಾಜಪೇಟೆ ಟೌನ್. ಈ ದಿನ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ನಾನು ಬರೆಸುತ್ತಿರುವ ಸಂಗತಿ ಹೀಗಿದೆ.

ಕಳೆದ ಡಿಸೆಂಬರ್ ತಿಂಗಳಲ್ಲಿ ನನ್ನ ಹಳೆಯ ಫೋಟೋ ಒಂದನ್ನು ನನ್ನ ಫೇಸ್‌ಬುಕ್ ಖಾತೆಯಲ್ಲಿ ಹಾಕಿದೆ. ಅದು 2001ರಲ್ಲಿ, ನಾನು ಎಂ.ಎ. ಮುಗಿಸಿ ಊರಿಗೆ ಬಂದ ವಾರ, ನಮ್ಮ ಮನೆಯ ಗೇಟಿನ ಮುಂದೆ, ಗೇಟಿನ ಮೇಲಿನ ಹೆಸರು ಕಾಣುವಂತೆ, ನನ್ನ ತಮ್ಮ ತೆಗೆದದ್ದು. ಆಗ ನನಗೆ 24 ವರ್ಷ. ಮಸುಕಾಗಿದ್ದ ಫೋಟೋವನ್ನು ಮೊಬೈಲಿನ ಆ್ಯಪ್ ಒಂದರಲ್ಲಿ ಸರಿಪಡಿಸಿದಾಗ ಅದು ನಿನ್ನೆ ತೆಗೆದಂತೆ ಕಂಡಿತು. ಸೀರೆಯ ಹಸಿರು ಕೂಡ ವಾಪಸು ಬಂತು. ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದೆ. ಯಾವ ವರ್ಷದ್ದೆಂದು ಬರೆದಿರಲಿಲ್ಲ. ಏಕೆ ಬರೆಯಲಿಲ್ಲ ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು. ಬರೆಯಬೇಕೆನಿಸಲಿಲ್ಲ ಎಂದೆ.

ದಿನಾಂಕ 09-02-2025ರ ಭಾನುವಾರ ಬೆಳಿಗ್ಗೆ ಸುಮಾರು 10-30ಕ್ಕೆ ಗೇಟಿನ ಸದ್ದಾಯಿತು. ವಯಸ್ಸಾದ ಹೆಂಗಸೊಬ್ಬರು ಮತ್ತು ಬಿಳಿ ಶರಟಿನ ಗಂಡಸೊಬ್ಬರು ಗೇಟಿನ ಮೇಲಿದ್ದ ಹೆಸರನ್ನೂ ಕೈಯಲ್ಲಿದ್ದ ಮೊಬೈಲನ್ನೂ ಹೋಲಿಸಿ ನೋಡುತ್ತ ನಿಂತಿದ್ದರು. ನಾಗಮಂಗಲ ತಾಲ್ಲೂಕು ದೇವಲಾಪುರ ಹೋಬಳಿಯ ಪುಟ್ಟತಾಯಮ್ಮ ಎಂದೂ, ಜೊತೆಗಿರುವುದು ಮಗ ಸಿದ್ದರಾಜು, 37 ವರ್ಷ, ಬೇಸಾಯದ ಜೊತೆಗೆ ಹಸು ಸಾಕಿದ್ದಾರೆ ಎಂದೂ ಪರಿಚಯ ಹೇಳಿಕೊಂಡರು. ಪುಟ್ಟತಾಯಮ್ಮನವರ ಚೀಲದಲ್ಲಿ ಹೂವು, ಬಾಳೆಹಣ್ಣು, ಎಲೆ ಅಡಿಕೆ ಇದ್ದವು. ಅವರು ನನ್ನ ಮುಖ ನೋಡಿ, “ಹೆಣ್ಣಿನ ತಾಯಾ ನೀವು? ಮೊಕ ಅಚ್ಚು ಹುಯ್ದಂಗದೆ ಕಣವ್ವ” ಎಂದರು.

ಒಳಗೆ ಕರೆದು ಕೂರಿಸಿದೆ. ವಾಟ್ಸಾಪ್‌ನ ಮದುವೆ ಗುಂಪೊಂದರಲ್ಲಿ ಬ್ರೋಕರ್ ಒಬ್ಬ ಹೆಣ್ಣಿನ ಫೋಟೋ ಕಳಿಸಿ, ಕೆ.ಆರ್.ಪೇಟೆಯವಳು, ಎಂ.ಎ. ಓದಿದ್ದಾಳೆ, ಗಂಡು ಬೇಸಾಯದವನಾದರೂ ಒಪ್ಪುತ್ತಾಳೆ ಎಂದು ತಿಳಿಸಿದ್ದನೆಂದೂ, ಒಂದು ವಾರದಿಂದ ಅವನ ಫೋನ್ ಸ್ವಿಚ್ ಆಫ್ ಆಗಿದೆಯೆಂದೂ ಸಿದ್ದರಾಜು ಹೇಳಿದರು. ಪುಟ್ಟತಾಯಮ್ಮನವರು, “ಪಟದಲ್ಲೇ ಮನೆ ಬಾಗ್ಲು ಕಾಣ್ತಾ ಅದೆ. ಬ್ರೋಕರ್ ಯಾಕ್ಲಾ ಬೇಕು, ನಾವೇ ವೋಗಿ ಇಚಾರಿಸ್ಕಬರಮ ನಡಿ ಅಂದೆ” ಎಂದರು. ಸಿದ್ದರಾಜು ಮೊಬೈಲ್ ತೋರಿಸಿದರು. ಅದರಲ್ಲಿ ಇದ್ದದ್ದು ನನ್ನ ಫೋಟೋ. ಕೆಳಗೆ ಚೈತ್ರಾ, 26 ವರ್ಷ ಎಂದು ಬರೆದಿತ್ತು.

ನಿಜವನ್ನು ಆ ಕ್ಷಣವೇ ಹೇಳಬೇಕಿತ್ತು. ನಾನು ಕಾಫಿ ಮಾಡಲು ಅಡುಗೆಮನೆಗೆ ಹೋದೆ. ಪುಟ್ಟತಾಯಮ್ಮನವರು ಕೂತಲ್ಲಿಂದಲೇ ಮಾತಾಡುತ್ತಿದ್ದರು. “ನಮ್ಮಟ್ಟೀಲಿ ಸಗಣಿ ಬಾಚ್ಸಾಕಿಲ್ಲ ಕಣವ್ವ. ಮಿಷನ್ನಾಗೆ ಆಲು ಕರೀತೀವಿ. ಓದಿರೋ ಮಗ, ಓದ್ಕಂಡೇ ಇರ್ಲಿ” ಎಂದರು. ಹೆಣ್ಣಿಗೆ ಪುಸ್ತಕವೆಂದರೆ ಆಸೆ ಎಂದು ಬ್ರೋಕರ್ ತಿಳಿಸಿದ್ದರಿಂದ, ಹೊಸದಾಗಿ ಕಟ್ಟುತ್ತಿರುವ ಕೋಣೆಯಲ್ಲಿ, ಕಿಟಕಿಯ ಪಕ್ಕ, ಬೆಳಕು ಬೀಳುವ ಕಡೆ ಗೋಡೆಯಲ್ಲೊಂದು ಗೂಡು ಬಿಡಿಸಿರುವುದಾಗಿ ಸಿದ್ದರಾಜು ಹೇಳಿದರು. “ಗಾರೆಯವ್ನು ದೇವ್ರ ಗೂಡಾ ಗೌಡಾ ಅಂತ ನಗಾಡ್ದ. ಇವ್ನು ನೆಲ ನೋಡ್ಕಂಡು ನಿಂತಿದ್ದ” ಎಂದು ತಾಯಿ ಸೇರಿಸಿದರು. “ಸುಮ್ಕಿರವ್ವೋ” ಎಂದರು ಮಗ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇನ್ನೊಂದು ಪ್ಯಾಕೆಟ್ ಒಡೆದು ಮತ್ತೆ ಇಟ್ಟೆ.

ನನ್ನ ಮದುವೆಯ ಮಾತು ನಡೆಯುತ್ತಿದ್ದ ಕಾಲದಲ್ಲಿ, ಅಷ್ಟೊಂದು ಓದಿದ ಹುಡುಗಿ ನಮ್ಮ ಮನೆಗೆ ಹೊಂದುವುದಿಲ್ಲ ಎಂದು ಗಂಡಿನ ಕಡೆಯವರು ಮೂರನೆಯವರ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಇದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

ಕಾಫಿ ಕೊಟ್ಟ ಮೇಲೆ, ಫೋಟೋದಲ್ಲಿರುವುದು ನಾನೇ ಎಂದೂ, ಅದು ಇಪ್ಪತ್ತನಾಲ್ಕು ವರ್ಷದ ಹಿಂದಿನದೆಂದೂ, ಆ ಬ್ರೋಕರ್ ಯಾರೆಂದು ನನಗೆ ಗೊತ್ತಿಲ್ಲವೆಂದೂ ಹೇಳಿದೆ. ಪುಟ್ಟತಾಯಮ್ಮನವರು ಎದ್ದು ಬಂದು ನನ್ನ ಗಲ್ಲ ಮುಟ್ಟಿ, “ಅಯ್ಯೋ ನನ್ನವ್ವ, ಆಗ್ಲೇ ಯಾರಾರ ಕರ್ಕಂಡೋಗಬಾರ್ದಿತ್ತಾ ನಿನ್ನ” ಎಂದರು. ಆಮೇಲೆ ಮಗನಿಗೆ, “ಏಳ್ಲಾ ಮ್ಯಾಕೆ. ನೀನು ಚಡ್ಡಿ ಆಕಂಡು ಇಸ್ಕೂಲಿಗೆ ವೋಗ್ತಿದ್ದಾಗ ಬರಬೇಕಾಗಿತ್ತು ನಾವು” ಎಂದು ನಕ್ಕರು. ನಾನೂ ನಕ್ಕೆ. ಸಿದ್ದರಾಜು ನಗಲಿಲ್ಲ. ತಿಳಿಯದೆ ಬಂದೆವು, ಕ್ಷಮಿಸಬೇಕು ಎಂದರು. ತಂದ ಹೂಹಣ್ಣನ್ನು ವಾಪಸು ಒಯ್ಯಬಾರದೆಂದು ಪುಟ್ಟತಾಯಮ್ಮನವರು ಅಲ್ಲೇ ಇಟ್ಟರು.

ಸುಮಾರು 11-15ಕ್ಕೆ ಅವರನ್ನು ಗೇಟಿನವರೆಗೆ ಕಳಿಸಲು ಹೋದೆ. ಎದುರು ಮನೆಯ ಶಂಕರ್ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಅವರು ಫೇಸ್‌ಬುಕ್‌ನಲ್ಲಿ ಊರಿನ ಸುದ್ದಿಗಳ ಪುಟ ನಡೆಸುತ್ತಾರೆ. “ಯಾರ್ಲಾ ನೀನು? ಒಂಟಿ ಎಂಗ್ಸಿನ ಮನೇಲಿ ಏನ್ಲಾ ಕೆಲ್ಸ?” ಎಂದು ಸಿದ್ದರಾಜು ಅವರನ್ನು ಕೇಳಿದರು. “ಹೆಣ್ಣು ನೋಡಕ್ಕೆ ಬಂದಿದ್ದೋ ಅಣ್ಣ” ಎಂದರು ಅವರು. “ಇಲ್ಲಿ ಯಾವ್ ಹೆಣ್ಣದೆ? ಮೇಡಮ್ಮಾ?” ಎಂದು ಶಂಕರ್ ನಕ್ಕರು. ದಾರಿಯಲ್ಲಿದ್ದ ನಾಲ್ಕಾರು ಜನ ನಿಂತರು. ಇವರು ನನ್ನ ನೆಂಟರು, ನಾನೇ ಒಳಗೆ ಕರೆದದ್ದು, ಫೋನ್ ಕೆಳಗಿಳಿಸಿ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ.

ಅದೇ ಸಂಜೆ ‘ಒಂಟಿ ಮಹಿಳೆಯ ಮನೆಗೆ ನಕಲಿ ವರ, ಎಚ್ಚರ’ ಎಂಬ ತಲೆಬರಹದಲ್ಲಿ ಆ ವಿಡಿಯೋ ಬಂತು. ನನ್ನ ಮಾತನ್ನು ಕತ್ತರಿಸಿ ತೆಗೆಯಲಾಗಿತ್ತು. ಸಿದ್ದರಾಜು ಅವರ ಮುಖ ಪೂರ್ತಿ ಕಾಣುತ್ತದೆ. ತೆಗೆದುಹಾಕಿ ಎಂದು ಕೇಳಿದ್ದಕ್ಕೆ ಶಂಕರ್, “ನಿಮ್ಮ್ ಒಳ್ಳೇದಕ್ಕೇ ಆಕಿದ್ದು ಮೇಡಂ. ಜನ ಶೇರ್ ಮಾಡ್ಕಂಡು ವೋಗ್ತಾವ್ರೆ, ನಾನೇನ್ ಮಾಡ್ಲಿ?” ಎಂದರು. ಸೋಮವಾರದ ಹೊತ್ತಿಗೆ ಅದು ನಾಗಮಂಗಲ, ಪಾಂಡವಪುರದ ಗುಂಪುಗಳಲ್ಲೂ ಇತ್ತು.

ಹೊರಡುವಾಗ ನನ್ನ ನಂಬರ್ ಪಡೆದಿದ್ದ ಪುಟ್ಟತಾಯಮ್ಮನವರು ದಿನಾಂಕ 11ರಂದು ಫೋನ್ ಮಾಡಿದರು. ಹಾಲಿನ ಡೇರಿಯ ಮುಂದೆ ಜನ “ಇವತ್ತು ಯಾರ ಮನೆಗ್ಲಾ ನುಗ್ತೀಯ, ನಕಲಿ ವರ?” ಎಂದು ಛೇಡಿಸುತ್ತಾರೆಂದೂ, ಮಗ ಹೊರಗೆ ಹೋಗುವುದನ್ನು ಬಿಟ್ಟಿದ್ದರಿಂದ ಕ್ಯಾನನ್ನು ತಾವೇ ಹೊರುತ್ತಿರುವುದಾಗಿಯೂ, ಬೆಳ್ಳೂರಿನ ಕಡೆಯ ಒಂದು ಸಂಬಂಧದವರು ಮನೆ ನೋಡಲು ಬರುತ್ತೇವೆ ಎಂದವರು ವಿಡಿಯೋ ನೋಡಿ ಬೇಡವೆಂದು ತಿಳಿಸಿದ್ದಾರೆಂದೂ ಹೇಳಿದರು. ವಿಡಿಯೋದ ವಿಚಾರಣೆಗೆಂದು ಮಗನಿಗೆ ಠಾಣೆಯಿಂದ ಕರೆ ಬಂದಿದೆ ಎಂದರು. “ನನ್ನ್ ಮಗ ಕಳ್ಳ ಅಲ್ಲ ಅಂತ ನೀನೊಂದ್ ಮಾತೇಳವ್ವ. ನಾವೇಳಿದ್ರೆ ಯಾರ್ ಕೇಳ್ತಾರೆ?” ಎಂದರು.

ಆದ್ದರಿಂದ ಈ ದಿನ ಬಂದಿದ್ದೇನೆ. ವಿಚಾರಿಸದೆ ಒಬ್ಬರ ಮುಖ ತೋರಿಸಿ ವಂಚಕನೆನ್ನುವುದೂ, ಅದನ್ನು ಮುಂದಕ್ಕೆ ಕಳಿಸುವುದೂ ಕಾನೂನಿನ ಮುಂದೆ ಉತ್ತರ ಕೊಡಬೇಕಾದ ಕೆಲಸ ಎಂದು ಸಬ್ ಇನ್‌ಸ್ಪೆಕ್ಟರ್ ನನ್ನ ಮತ್ತು ಠಾಣೆಗೆ ಕರೆಸಿದ್ದ ಶಂಕರ್ ಅವರ ಎದುರು ತಿಳಿಸಿದರು. ಆಮೇಲೆ ಶಂಕರ್ ನನ್ನನ್ನು ಪಕ್ಕಕ್ಕೆ ಕರೆದು, “ಇದನ್ನೆಲ್ಲ ಬರ್ಸಿದ್ರೆ ಆ ಹೆಣ್ಣು ನೀವೇ ಅಂತ ಊರಿಗೆಲ್ಲ ಗೊತ್ತಾಯ್ತದೆ ಮೇಡಂ. ನಿಮ್ಮ್ ಕಾಲೇಜ್ ಉಡುಗ್ರು ಬುಡ್ತಾರಾ?” ಎಂದರು. ಇದನ್ನೂ ಬರೆದುಕೊಳ್ಳಲು ಕೋರಿದ್ದೇನೆ. ಶಂಕರ್ ಆ ವಿಡಿಯೋ ತೆಗೆದು, ಕತ್ತರಿಸದ ವಿಡಿಯೋವನ್ನೂ ನನ್ನ ವಿವರಣೆಯನ್ನೂ ಅದೇ ಪುಟದಲ್ಲಿ ನನ್ನ ಹೆಸರು ಸಹಿತ ಹಾಕಬೇಕು. ನನ್ನ ಫೋಟೋ ಬಳಸಿದ ಬ್ರೋಕರ್ ಮೇಲೆ ಪ್ರತ್ಯೇಕವಾಗಿ ದೂರು ಕೊಡುತ್ತಿದ್ದೇನೆ. ಸಿದ್ದರಾಜು ಅವರ ಮೇಲೆ ನನ್ನ ದೂರು ಯಾವುದೂ ಇಲ್ಲ.

ಅವರು ಅಸಭ್ಯವಾಗಿ ವರ್ತಿಸಿದರೇ ಎಂದು ನನ್ನನ್ನು ಕೇಳಲಾಯಿತು. ಇಲ್ಲ. ಮನೆಯೊಳಗೆ ಇದ್ದಷ್ಟು ಹೊತ್ತು ಅವರು ನನ್ನ ಮುಖವನ್ನು ಒಂದೇ ಸಲ ನೇರವಾಗಿ ನೋಡಿದರು, ಫೋಟೋದಲ್ಲಿರುವುದು ನಾನೇ ಎಂದಾಗ. ಬೇಗ ಕಣ್ಣು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಆ ಫೋಟೋದಲ್ಲಿ ಇರುವವಳನ್ನು ನೋಡಲು ಹೂವು ಹಿಡಿದು ನಮ್ಮ ಮನೆಗೆ ಯಾರಾದರೂ ಬಂದದ್ದು ಅದೇ ಮೊದಲು. ಅದನ್ನು ಅಪರಾಧವೆಂದು ನಾನು ಹೇಳಲಾರೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಒಂದು ಮಾತನ್ನೂ ತೆಗೆಯಿಸಿಲ್ಲ.

ಸ್ಥಳ: ಕೃಷ್ಣರಾಜಪೇಟೆ
ದಿನಾಂಕ: 12-02-2025
(ಸಹಿ) ಪ್ರಮೀಳಾ ಸಿ.