ಭಟ್ಟಿಯ ಪಕ್ಕ ಬಿದ್ದ ವಿಮಾನ

"ಹಲೋ... ಹಾಂ, ಯಾರ್ರಿ ಮಾತಾಡೋದು?... ಯಾರು?... ಹೌದ್ರಿ, ಇಟ್ಟಂಗಿ ಭಟ್ಟಿ ಸಂಗವ್ವನ ಮಾತಾಡಾಕತ್ತೇನಿ. ಸ್ವಲ್ಪ ಜೋರ ಹೇಳ್ರಿ, ಇಲ್ಲೆ ಟ್ರ್ಯಾಕ್ಟರ್ ಸಪ್ಪಳ ಭಾಳ ಐತಿ..."

ಸಂಗವ್ವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಮಣ್ಣು ಇಳಿಸುತ್ತಿದ್ದ ಟ್ರ್ಯಾಕ್ಟರಿನ ಕಡೆ ಕೈಯೆತ್ತಿ ಬಂದ್ ಮಾಡೆಂದು ಸನ್ನೆ ಮಾಡಿದಳು. ಖಾನಾಪುರದಾಚೆ ಮಲಪ್ರಭೆಯ ದಂಡೆಯ ಮೇಲಿನ ಆ ಭಟ್ಟಿಯನ್ನು ಗಂಡ ತೀರಿಕೊಂಡ ಮೇಲೆ ಅವಳೇ ನಡೆಸಿಕೊಂಡು ಬಂದಿದ್ದಳು. ಗುತ್ತಿಗೆದಾರರ ಜೊತೆ ಫೋನಿನಲ್ಲಿ ಚೌಕಾಸಿ ಮಾಡಿ ಮಾಡಿ, ದನಿ ಕೇಳಿಯೇ ಆಚೆ ಕಡೆಯವನ ಹೊಟ್ಟೆಯಲ್ಲೇನಿದೆ ಎಂದು ತಿಳಿಯುವ ರೂಢಿ ಬಿದ್ದಿತ್ತು. ಆದರೆ ಕಳೆದ ವಾರದಿಂದ ಬರುತ್ತಿದ್ದ ಫೋನುಗಳು ಇಟ್ಟಂಗಿಗಾಗಿ ಅಲ್ಲ. ಅವಳ ಭಟ್ಟಿಯ ಪಕ್ಕದಲ್ಲೇ ಒಂದು ವಿಮಾನ ಬಿದ್ದಿತ್ತು.

"ಹಾಂ, ಈಗ ಕೇಳಸ್ತೈತಿ... ದಿಲ್ಲಿಯಿಂದ?... ತನಿಖೆ ಮಾಡೋ ಸಾಹೇಬ್ರು. ಆತು ಆತು. ಆದ್ರ ನಿಮ್ಮವ್ರು ಮೊನ್ನೆ ಬಂದು ಎಲ್ಲಾ ನೋಡ್ಕೊಂಡು ಹೋದ್ರಲ್ರಿ? ಸೋಮವಾರ ಖಾನಾಪುರದ ಐಬಿ ಬಂಗ್ಲೆಗೆ ಬಂದು ಹೇಳಿಕಿ ಕೊಡ್ರಿ ಅಂದಾರ... ಅದಕ್ಕೂ ಮೊದಲ ನೀವೊಂದಿಷ್ಟು ಕೇಳೋದೈತಿ?... ಕೇಳ್ರಿ, ಕೇಳ್ರಿ."

ಬಿದ್ದದ್ದು ಬೆಳಗಾವಿಯ ಕ್ರೌಂಚ ಕಂಪನಿಯ ವಿಮಾನ. ಸೈನ್ಯಕ್ಕೆ ಸೇರುವ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸಲು ನೂರಾರು ಸಣ್ಣ ವಿಮಾನಗಳು ಬೇಕಾಗಿದ್ದವು. ಆ ಗುತ್ತಿಗೆಗಾಗಿ ಕ್ರೌಂಚ ಮತ್ತು ತ್ರಿಕೂಟ ಎಂಬ ಎರಡು ಕಂಪನಿಗಳು ತೊಡೆ ತಟ್ಟಿ ನಿಂತಿದ್ದವು. ಯಾರ ವಿಮಾನ ನಂಬಿಕೆಗೆ ಯೋಗ್ಯವೋ ಅವರಿಗೇ ಗುತ್ತಿಗೆ ಎಂದು ದಿನಾ ಪೇಪರಿನಲ್ಲಿ ಬರುತ್ತಿತ್ತು. ಅಷ್ಟರಲ್ಲಿ ಕ್ರೌಂಚದ ವಿಮಾನ ಪರೀಕ್ಷೆಯ ಹಾರಾಟದಲ್ಲೇ ಸಂಗವ್ವನ ಮಣ್ಣಿನ ಹೊಂಡಕ್ಕೆ ಬಂದು ಬಿತ್ತು.

"ಬೆಂಕಿ? ಇಲ್ರಿ, ಬೆಂಕಿ ಇರ್ಲಿಲ್ಲ. ಹೊಗಿನೂ ಇರ್ಲಿಲ್ಲ... ಸಪ್ಪಳ?... ಸಪ್ಪಳ ಮೊದಲ ಇತ್ರಿ. ಆಮ್ಯಾಲೆ ಒಮ್ಮಿಗೇ ನಿಂತ್ತು. ಸಪ್ಪಳ ನಿಂತದ್ದಕ್ಕ ನಾ ತಲಿ ಎತ್ತಿ ನೋಡಿದ್ದು... ಹಾಂ?... ಇಲ್ರಿ, ಬೀಳೂತನಕ ಇರ್ಲಿಲ್ಲ. ಮ್ಯಾಲೆ ಇದ್ದಾಗನ ನಿಂತ್ತು. ಹದ್ದು ತೇಲಿದಂಗ ಸುಮ್ಮನ ತೇಲ್ಕೋತ ಬಂತು..."

"ನದಿ ಸಪ್ಪಳದಾಗ ಕೇಳಸಿರಲಿಕ್ಕಿಲ್ಲ ಅಂತೀರಾ? ಈಗ ನದ್ಯಾಗ ಮೊಳಕಾಲುದ್ದ ನೀರಿಲ್ರಿ, ಅದೇನ ಸಪ್ಪಳ ಮಾಡೀತು?... ಮತ್ತ ಅದನ್ನ ಕೇಳ್ತೀರಲ್ರಿ. ಫೋನ್ ಹಚ್ಚಿದಾಗಿಂದ ಇದ ಒಂದ ಮಾತು, ಸಪ್ಪಳ ಇತ್ತೇನು, ಕಡೀತನಕ ಇತ್ತೇನು..."

ಅವಳಿಗೆ ಸಂಶಯ ಬಂತು. ಮೊನ್ನೆ ಬಂದಿದ್ದ ಅಧಿಕಾರಿಗಳು ಹೀಗೆ ಕೇಳಿರಲಿಲ್ಲ. 'ನೀವು ಕಂಡದ್ದನ್ನು ಹೇಳಿ' ಎಂದು ಹೇಳಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ಇವನು ಉತ್ತರವನ್ನು ತಾನೇ ಕಟ್ಟಿಕೊಂಡು ಬಂದು, ಅದಕ್ಕೆ ಅವಳ ಬಾಯಿ ಹುಡುಕುತ್ತಿದ್ದಂತೆ ಇತ್ತು. ಸಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, ದನಿಯನ್ನು ಮೆತ್ತಗೆ ಮಾಡಿದಳು.

"ಆತು ಬಿಡ್ರಿ ಸಾಹೇಬ್ರ, ನಮಗೇನ ತಿಳೀತೈತಿ. ಅಂದಂಗ, ಮೊನ್ನೆ ನಿಮ್ಮ ಕಡಿಂದ ಬಂದಿದ್ರಲ್ರಿ, ಆ ದೊಡ್ಡ ಮೀಸಿ ಸಾಹೇಬ್ರು. ಬಿಸಲಾಗ ಅವ್ರಿಗೆ ಚಕ್ಕರ್ ಬಂದಿತ್ತು. ಈಗ ಆರಾಮ ಅದಾರೇನ್ರಿ?... ಆರಾಮ ಅದಾರ? ನಿಮಗ ಹೇಳಿದ್ರು, ನನ್ನ ನೆನಸಿದ್ರು?... ಚಲೋ ಆತ್ರಿ..."

"ಆದ್ರ ಮೊನ್ನೆ ಬಂದಾಕಿ ಒಬ್ಬಾಕಿ ಹೆಣ್ಮಗಳು ಸಾಹೇಬ್ರ. ಆಕಿ ಜೋಡಿ ಇದ್ದಂವ ಇನ್ನೂ ಹುಡುಗ, ಮೀಸಿನ ಬಂದಿಲ್ಲ. ಚಕ್ಕರ್ ಯಾರಿಗೂ ಬಂದಿಲ್ಲ. ಈಗ ಖರೇ ಹೇಳು, ನೀ ಯಾರು?..."

"ಹಲೋ... ಅದೀಯೋ ಇಲ್ಲೋ?"

"ತ್ರಿಕೂಟದವ್ರ ಮನಶಾ ಹೌದಲ್ಲೊ? ನಿನ್ನೆ ನಿಮ್ಮಂವ ಒಬ್ಬ ಶಹಾಪುರದ ಸೀರಿ, ಒಂದು ಡಬ್ಬಿ ಕುಂದಾ ಹಿಡಕೊಂಡು ಬಂದಿದ್ದ. ಕ್ಯಾಮೆರಾ ಮುಂದ ಕುಂತು, 'ಕ್ರೌಂಚದ ವಿಮಾನಕ್ಕ ಮ್ಯಾಲೆನ ಬೆಂಕಿ ಹತ್ತಿತ್ತು' ಅಂತ ಇಷ್ಟ ಹೇಳ್ರಿ ಅಂದ. ಹತ್ತಿರಲಿಲ್ಲೋ ಅಪ್ಪಾ ಅಂದ್ರ, ಹತ್ತಿತ್ತು ಅಂದ್ರ ನಿಮ್ಮದೇನ ಹೋಗ್ತೈತ್ರಿ ಅಂತಾನ! ಸೀರಿ, ಕುಂದಾ ಎರಡೂ ಅವನ ಗಾಡ್ಯಾಗ ಒಗದು ಕಳಿಸೇನಿ... ಏನು?... ತ್ರಿಕೂಟ ಅಲ್ಲ?... ಮತ್ತ ಯಾವ ಕಂಪನಿ?"

"ಕ್ರೌಂಚ?..."

ಸಂಗವ್ವ ಹಸಿ ಇಟ್ಟಂಗಿಯ ಸಾಲಿನ ಪಕ್ಕದಲ್ಲಿದ್ದ ಕಲ್ಲಿನ ಮೇಲೆ ಮೆಲ್ಲಗೆ ಕೂತಳು. ಕ್ರೌಂಚ ಎಂದರೆ ಅವಳಿಗೆ ಬರೀ ಕಂಪನಿಯಲ್ಲ. ತಂಗಿ ಸತ್ತ ಮೇಲೆ ತನ್ನ ಮಡಿಲಿಗೆ ಬಂದ ಗೌರೀಶನನ್ನು ಇದೇ ಭಟ್ಟಿಯ ದುಡಿಮೆಯಿಂದ ಎಂಜಿನಿಯರ್ ಮಾಡಿದ್ದಳು. ಅವನು ಕೆಲಸ ಮಾಡುವುದು ಕ್ರೌಂಚದಲ್ಲೇ. ಹಾರಾಟಕ್ಕೆ ಮುಂಚೆ ಇಂಜಿನ್ ನೋಡುವವರಲ್ಲಿ ಅವನೂ ಒಬ್ಬ. ಬೆಳಗಾವಿಯ ಖಾಸಬಾಗದ ಬಾಡಿಗೆ ಮನೆಯಿಂದ ವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದ.

"ಅಲ್ರಿ, ಕ್ರೌಂಚದವ್ರಾದ್ರ ಹಂಗ ಹೇಳಬೇಕಿತ್ತಿಲ್ಲೊ? ದಿಲ್ಲಿ ಸಾಹೇಬ ಅಂತ ಯಾಕ ವೇಷ ಹಾಕೀರಿ?... ನಿಮ್ಮ ವಿಮಾನದ್ದು ಎಲ್ಲಾ ಒಂದು ಡಬ್ಬ್ಯಾಗ ದಾಖಲಾಗಿರತೈತಿ ಅಂತಾರಲ್ರಿ, ಅದನ್ನ ನೋಡ್ರಿ. ನನ್ನ ಯಾಕ ಕೇಳ್ತೀರಿ?... ಅದನ್ನ ತೆರದು ನೋಡಾಕ ಭಾಳ ದಿನ ಬೇಕು... ಹಾಂ... ಗುತ್ತಿಗಿ ಯಾರಿಗೆ ಅನ್ನೋದು ಅದಕ್ಕೂ ಮೊದಲ ಮುಗೀತೈತಿ. ಅದಕ್ಕ ಅಲ್ಲೀತನಕ ನಾ ಸಪ್ಪಳ ಇತ್ತು ಅನ್ನಬೇಕು... ಇಂಜಿನ್ ಸುದ್ದ ಇತ್ತು, ಹಾರಿಸಿದಾಕಿದ ತಪ್ಪು ಅಂತ ಆಗಬೇಕು. ಹೌದಲ್ಲೊ?"

ಪೇಪರಿನಲ್ಲಿ ಆಗಲೇ ಹಾಗೆ ಬಂದಿತ್ತು. ಪೈಲಟ್ ಸಮೃದ್ಧಿ ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದಳಂತೆ ಎಂದು, ಯಾರು ಹೇಳಿದರು ಎಂಬುದಿಲ್ಲದೆ ಬರೆದಿದ್ದರು. ಅಥಣಿ ಕಡೆಯ ಹುಡುಗಿ ಅವಳು. ಈಗ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದಳು.

"ನೀವು ಅಲ್ಲಿರ್ಲಿಲ್ಲ, ನಾ ಇದ್ದೆ. ಕೇಳ್ರಿ ಹಂಗಾದ್ರ. ವಿಮಾನ ನಮ್ಮ ಆಳುಗಳ ಗುಡಿಸಲಾ ಇದ್ದ ಕಡೆಗೇ ಬರ್ತಿತ್ತು. ಸಣ್ಣ ಸಣ್ಣ ಕೂಸುಗೋಳು ಹೊರಗ ಆಡ್ತಿದ್ವು. ಆಕಿ ಕಡೀ ಗಳಿಗ್ಯಾಗ ಅದನ್ನ ಹೊಳ್ಳಿಸಿ ಹೊಂಡಕ್ಕ ಹಾಕಿದ್ಲು. ಬೇಕಂತ ಹಾಕಿದ್ಲು. ಗಾಬರಿ ಆದಾಕಿ ಹಂಗ ಮಾಡ್ತಾಳೇನು?... ಏನು?... ಆಕಿ ಏನರ ಮಾತಾಡಿದ್ಲೇನು ಅಂತ?"

ಅಂದು ನಡೆದದ್ದು ಅವಳ ಕಣ್ಣ ಮುಂದೆಯೇ ಇತ್ತು. ಭಟ್ಟಿಗೆ ಉರಿ ಹಾಕುವ ಮಾಯಪ್ಪ ಹಾರೆಯಿಂದ ಗಾಜು ಒಡೆದು ಹುಡುಗಿಯನ್ನು ಎಳೆದು ತೆಗೆದಿದ್ದ. ಅಂಬುಲೆನ್ಸಿಗೆ ಕಾಯದೆ ಇಟ್ಟಂಗಿಯ ಟೆಂಪೋದಲ್ಲೇ ಹುಲ್ಲು ಹಾಸಿ ಮಲಗಿಸಿದರು. ಮಾಯಪ್ಪ ಮುಂದೆ ಕೂತು ಗಾಡಿ ಓಡಿಸಿದ. ಹಿಂದೆ ಸಂಗವ್ವನೊಬ್ಬಳೇ, ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. ದೇಸೂರು ದಾಟುವಾಗ ಆ ಹುಡುಗಿ ತುಟಿ ಅಲ್ಲಾಡಿಸಿದಳು. 'ಮತ್ತ ನಿಂತ್ತು... ಮತ್ತ... ಹಾರಿಸೂದು ಬ್ಯಾಡಂತ ಹೇಳಿದ್ದೆ' ಎಂದಳು. ಆಮೇಲೆ ಮಾತಿಲ್ಲ.

"ಆಕಿ ನರಳಿದ್ಲು, ಅಷ್ಟ... ಹಾಂ?... ಏನಂದ್ರಿ?... ಇನ್ನೊಮ್ಮೆ ಹೇಳ್ರಿ."

"ಟೆಂಪೋದಾಗ 'ಮತ್ತ' ಅಂದ ಮಾತು ನಾ ಮರೀಬೇಕು ಅಂತೀರಿ..."

ಸಂಗವ್ವ ಕಲ್ಲಿನಿಂದ ಎದ್ದು ನಿಂತಳು. ಆ ಮಾತನ್ನು ಅವಳು ಮಾಯಪ್ಪನಿಗೂ ಹೇಳಿರಲಿಲ್ಲ. ಸೋಮವಾರ ತನಿಖೆಯವರ ಮುಂದೆಯೇ ಬಾಯಿ ಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದಳು. ಹೇಳಿದ್ದು ಒಬ್ಬನಿಗೆ ಮಾತ್ರ. ಕಳೆದ ಭಾನುವಾರ ಊಟಕ್ಕೆ ಕೂತಾಗ, ಅವನ ತಟ್ಟೆಗೆ ರೊಟ್ಟಿ ಹಾಕುತ್ತ ಹೇಳಿದ್ದಳು. ಗೌರೀಶ ಆಗ ತುತ್ತು ಹಿಡಿದವನು ಹಾಗೇ ಕೂತುಬಿಟ್ಟಿದ್ದ. ದಣಿದಿದ್ದಾನೆ ಎಂದುಕೊಂಡಿದ್ದಳು.

"ಇದು ನಿಮಗ ಯಾರು ಹೇಳಿದ್ರು?... ಯಾರ ಹೇಳಲಿ ಅಂದ್ರ? ಅದು ಹೊರಗಿನವ್ರಿಗೆ ಗೊತ್ತಿಲ್ಲದ ಮಾತು... ನಮ್ಮ ಹುಡುಗನ ಹೆಸರು ಯಾಕ ತಗೀತೀರಿ? ಅವನ ನೌಕರಿಗೆ ಇದಕ್ಕ ಏನ ಸಂಬಂಧ?... ಓಹೋ. ಸಂಬಂಧ ಐತಿ. ನಾ 'ಮತ್ತ' ಅಂದ್ರ ಅವನ ನೌಕರಿ ಹೋಗ್ತೈತಿ. ತಿಳೀತು ಬಿಡ್ರಿ..."

"ಹಾಂ... ಹಾಂ... ಬೆಳಗಾವ್ಯಾಗ ಎಷ್ಟೊ ಮಂದಿ ಅನ್ನಾ ಐತಿ ನಿಮ್ಮ ಕಂಪನಿ ಮ್ಯಾಲೆ. ಗೊತ್ತೈತ್ರಿ. ಗುತ್ತಿಗಿ ತ್ರಿಕೂಟಕ್ಕ ಹೋದ್ರ ಇಲ್ಲೆ ಬಾಗಲಾ ಹಾಕ್ತೀರಿ..."

ಈ ಮಾತು ಅವಳನ್ನು ತಾಕದೆ ಇರಲಿಲ್ಲ. ಒಂದು ಮಳೆಗಾಲ ಭಟ್ಟಿ ನಿಂತರೆ ಆಳುಗಳ ಮನೆಯಲ್ಲಿ ಒಲೆಯ ಗತಿ ಏನಾಗುತ್ತದೆ ಎಂದು ಬಲ್ಲವಳು ಅವಳು. ಆದರೆ ಆಸ್ಪತ್ರೆಯಲ್ಲಿ ಸಮೃದ್ಧಿಯ ತಾಯಿ ಅವಳ ಕೈ ಹಿಡಿದು, 'ಖರೇನ ನನ್ನ ಮಗಳು ತಪ್ಪು ಮಾಡ್ಯಾಳೇನ್ರೀ ಅಕ್ಕಾರ?' ಎಂದು ಕೇಳಿದ್ದಳು. ಆ ಮುಖವೂ ಎದುರಿಗಿತ್ತು.

"ನೋಡು ತಮ್ಮಾ, ನಾ ಇಟ್ಟಂಗಿ ಸುಡೋ ಹೆಣ್ಮಗಳು. ಹಸಿ ಇಟ್ಟಂಗಿಗೆ ಕೆಂಪ ಬಣ್ಣ ಬಳದು ಮಾರಿದ್ರ ಯಾರಿಗೂ ತಿಳ್ಯಾಂಗಿಲ್ಲ, ಗ್ವಾಡಿ ಕುಸಿಯೂತನಕ. ನಾಳೆ ನಿಮ್ಮ ಇಂಜಿನ್ ಇನ್ನೊಮ್ಮೆ ನಿಂತ್ರ, ಅದರಾಗ ಇನ್ಯಾರದೋ ಮಗಾ ಕುಂತಿರ್ತಾನ. ಆವಾಗ ಅವನ ತಪ್ಪು ಅಂತೀರಿ... ಇಲ್ಲ, ನೀ ಕೇಳು. ತ್ರಿಕೂಟದಂವ ಬೆಂಕಿ ಇತ್ತು ಅನ್ನು ಅಂದ, ನೀ ಸಪ್ಪಳ ಇತ್ತು ಅನ್ನು ಅಂತೀ. ಆಕಿ ಹ್ಯಾಂಗದಾಳ ಅಂತ ಇಬ್ಬರಾಗ ಒಬ್ಬರೂ ಕೇಳಲಿಲ್ಲ..."

ಅಷ್ಟರಲ್ಲಿ ಫೋನಿನ ಆಚೆ, ಆ ಮನುಷ್ಯನ ದನಿಯ ಹಿಂದೆ, ಯಾರೋ ಕೆಮ್ಮು ತಡೆದುಕೊಂಡ ಸದ್ದು ಕೇಳಿತು. ತಡೆಯಲಾರದೆ ಮತ್ತೊಮ್ಮೆ ಕೆಮ್ಮಿದರು. ಭಟ್ಟಿಯ ಧೂಳಿನಲ್ಲಿ ಬೆಳೆದ ಹುಡುಗನ ಆ ಒಣ ಕೆಮ್ಮಿಗೆ ಎಷ್ಟು ಸಲ ಕಷಾಯ ಕಾಸಿ ಕುಡಿಸಿದ್ದಳೋ!

"ಅಂವ ಅಲ್ಲೇ ಅದಾನ... ಸುಳ್ಳ ಹೇಳಬ್ಯಾಡ. ನಿನ್ನ ಬಾಜೂಕ ಕುಂತಾನ. ಫೋನ್ ಅವನ ಕೈಯಾಗ ಕೊಡು... ಕೊಡ್ತೀಯೋ, ಇಲ್ಲಾ ನಾ ಈಗ ಹೊಂಟು ನಿಮ್ಮ ಗೇಟಿನ ಮುಂದ ಕುಂದರಲೊ?... ಕೊಡು. ಅವಂಗ ನಾನೂ ಎರಡು ಮಾತು ಹೇಳಬೇಕು."

ಫೋನು ಕೈ ಬದಲಾದ ಸದ್ದು ಕೇಳಿತು.

"ಗೌರ್ಯಾ... ಉಂಡೇನು?"

"ಅಳಬ್ಯಾಡ. ನಾ ಬೈಯಾಂಗಿಲ್ಲ... ನಾ ಹೇಳಿದ್ದನ್ನ ಇವರ ಮುಂದ ಹೇಳಿದಿ. ಆತು, ಹೇಳಿದಿ... ನಾ ಸೋಮವಾರ ಇದನ್ನ ಹೇಳಿದ್ರ ನನಗ ಏನಾರ ಮಾಡ್ತಾರಂತ ಅಂಜಿ, ಮೊದಲ ನನ್ನ ಬಾಯಿ ಮುಚ್ಚಸೂಣು ಅಂದಿ? ನನಗೇನ ಮಾಡ್ತಾರೊ ಹುಚ್ಚಪ್ಪಾ!... ಈಗ ದೊಡ್ಡವ್ವ ಒಂದ ಮಾತು ಕೇಳ್ತಾಳ, ಖರೇ ಹೇಳು. ಮೊದಲೂ ನಿಂತಿತ್ತೇನು ಅದು?"

ಮಾಯಪ್ಪ ದೂರದಿಂದ ಚಹಾದ ಲೋಟ ತೋರಿಸಿದ. ಬೇಡವೆಂದು ಕೈ ಆಡಿಸಿದಳು.

"ಜೋರ ಹೇಳು, ಬಾಜೂಕಿದ್ದಂವ ಕೇಳಿದ್ರ ಕೇಳಲಿ... ನೆಲದ ಮ್ಯಾಲೆ ಒಮ್ಮೆ... ಆಮ್ಯಾಲೆ ಹಾರಿದಾಗ ಒಮ್ಮೆ, ಇಳಿಯೂದರಾಗ ಮತ್ತ ಚಾಲೂ ಆತು... ನಿಮ್ಮ ಸಾಹೇಬಗ ಹೇಳಿದಿ? ಏನಂದ?... ತ್ರಿಕೂಟದವ್ರು ಅವತ್ತ ಹಾರಿಸೂವರಿದ್ರು... ನಾವು ಹಾರಿಸಲಿಲ್ಲಂದ್ರ ಹೆದರಿದ್ರು ಅಂತಾರ ಅಂದ... ಅಷ್ಟಕ್ಕ? ಅಷ್ಟಕ್ಕ ಆ ಹುಡುಗಿನ ಕೂಡ್ರಿಸಿ ಕಳಿಸಿದ್ರಿ?..."

ಎದೆಯಲ್ಲಿ ಸಿಟ್ಟು ಉಕ್ಕಿ ಬಂತು. ಆದರೆ ಆ ಸಿಟ್ಟಿನ ಕೆಳಗೆ ಬೇರೆಯದೇ ಒಂದು ನೋವಿತ್ತು. ಗೊತ್ತಿದ್ದೂ ಈ ಹುಡುಗ ವಾರಗಟ್ಟಲೆ ಉಂಡಿದ್ದಾನೆಯೇ, ಮಲಗಿದ್ದಾನೆಯೇ? ಭಾನುವಾರ ಅವನ ಕೈಯಲ್ಲಿ ನಿಂತುಹೋಗಿದ್ದ ತುತ್ತಿನ ಅರ್ಥ ಅವಳಿಗೆ ಈಗ ಆಯಿತು.

"ಏನಂದಿ?... ನನಗ 'ಹೇಳು' ಅಂತೀ?... ಎಲ್ಲಾ ಹೇಳಿಬಿಡು ಅಂತೀ?... ನೀನೂ ಬರ್ತಿ? ಸೋಮವಾರ, ಐಬಿಗೆ?... ನೌಕರಿ?... ಹೋದ್ರ ಹೋಗ್ಲಿ. ಹೌದು ಮಗಾ, ಹೋದ್ರ ಹೋಗ್ಲಿ."

"ಯಾಂವ ಅದು ನಡುವ ಮಾತಾಡಾಂವ?... ಫೋನ್ ಕಸಗೊಳ್ಳಾಕತ್ತಾನ? ಕೊಡಬ್ಯಾಡ, ಗಟ್ಟ್ಯಾಗಿ ಹಿಡಿ. ಎದ್ದು ನಿಂದ್ರು. ಮಾತಾಡ್ಕೋತನ ಹೊರಗ ನಡಿ... ಮಾಯಪ್ಪಾ, ಟೆಂಪೋ ತಗಿ!... ಹಾಂ, ಕೇಳಾಕತ್ತೇನಿ. ಗೇಟಿನ ಹೊರಗ ನಿಂದ್ರು, ನಾ ಬರ್ತೇನಿ, ಮೊದಲ ದವಾಖಾನಿಗೆ ಹೋಗೂಣು. ಆಕಿ ಕಣ್ಣ ತೆರದಿಲ್ಲ ಖರೇ, ಆದ್ರ ಕೇಳಸ್ತಿರಬಹುದು ಅಂತ ಡಾಕ್ಟರ ಹೇಳ್ಯಾರ. ಆಕಿ ಅವ್ವ ಅಲ್ಲೇ ಕುಂತಿರ್ತಾಳ. ಅವರಿಬ್ಬರ ಮುಂದ ನೀನ ಹೇಳಬೇಕು, ತಪ್ಪು ಆಕಿದಲ್ಲ ಅಂತ, ನಿನ್ನ ಬಾಯಿಂದನ..."

"ಗೌರೀಶಾ?... ಕೇಳಸಾಕತ್ತೈತೇನು?... ಹಲೋ... ತಪ್ಪು ಆಕಿದಲ್ಲ ಅಂತ... ಹಲೋ..."